ತಪ್ಪು ಎಲ್‌ಇಡಿಯದೋ, ಬೆರಳಿನದೋ?

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಕೊರೊನಾ ಕಾಲದಲ್ಲಿ ತಂದ, ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಪಲ್ಸ್ ಆಕ್ಸಿಮೀಟರ್ ಇನ್ನೂ ಮನೆಯಲ್ಲಿದೆ. ಚಳಿ ಜೋರಾಗಿದ್ದ ಒಂದು ಬೆಳಗ್ಗೆ ಅಜ್ಜಿಯ ಬೆರಳಿಗೆ ಹಾಕಿದರೆ 88 ಬಂತು, ಎಲ್ಲರಿಗೂ ಗಾಬರಿ. ಬಿಸಿಲಿಗೆ ಕೂತು ಕಾಫಿ ಕುಡಿದ ಮೇಲೆ ನೋಡಿದರೆ 96. ಎಲ್‌ಇಡಿ ಮಾಡುವ ಅರೆವಾಹಕ ವಸ್ತುವಿನ ಗುಣ ತಾಪಮಾನದ ಜೊತೆ ಬದಲಾಗುತ್ತದೆ ಎಂದು ಲ್ಯಾಬ್‌ನಲ್ಲಿ ನಾವೇ ಅಳೆದಿದ್ದೇವೆ. ಹಾಗಾದರೆ ಚಳಿಗೆ ಬದಲಾದದ್ದು ಎಲ್‌ಇಡಿಯೋ, ಅಜ್ಜಿಯ ರಕ್ತವೋ? ನನ್ನ ತಮ್ಮ ಅದನ್ನು ಹಸುವಿನ ಕಿವಿಗೂ ಸಿಕ್ಕಿಸಿದ, ಅಂಕಿ ಕುಣಿದಾಡಿತು. ಪೆನ್ಸಿಲ್‌ಗೆ ಹಾಕಿದಾಗಲೂ ಏನೋ ತೋರಿಸಿತು. ಇದನ್ನು ನಂಬಬಹುದೆ? ಇದರ ಮೇಲೆಯೇ ಪ್ರಾಜೆಕ್ಟ್ ಮಾಡುವ ಆಸೆ ಇದೆ. ಭೌತಶಾಸ್ತ್ರದವರಿಗೆ ಶರೀರಶಾಸ್ತ್ರದ ಸಂಶೋಧನೆಯಲ್ಲಿ ಜಾಗ ಉಂಟೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು "ಎಲ್‌ಇಡಿಯೋ, ರಕ್ತವೋ" ಎಂಬ ಮಾತು. ಅರೆವಾಹಕ ಉಪಕರಣ ಹಿಡಿದು ದೇಹವನ್ನು ಅಳೆಯಲು ಹೊರಟ ಯಾರಿಗೇ ಆದರೂ ಇದೇ ಮೊದಲ ಪ್ರಶ್ನೆ, ಬಹಳ ಸಲ ಕೊನೆಯದೂ ಹೌದು. ಅಂಕಿ ಬದಲಾದಾಗ ಬದಲಾದದ್ದು ಚರ್ಮದ ಆಚೆಯೋ ಈಚೆಯೋ? ನಿಮ್ಮ ಅಜ್ಜಿಯ ವಿಷಯದಲ್ಲಿ ಬಹುಪಾಲು ಎಲ್‌ಇಡಿಯೂ ಅಲ್ಲ, ರಕ್ತದ ಆಮ್ಲಜನಕವೂ ಅಲ್ಲ. ಎಲ್‌ಇಡಿ ಕೊಂಚ ಬದಲಾಗಿರುತ್ತದೆ, ಆದರೆ ಎಂಟು ಅಂಕಿ ಇಳಿಸುವಷ್ಟಲ್ಲ. ರಕ್ತದ ಆಮ್ಲಜನಕ ಬಹುಶಃ ಇದ್ದ ಹಾಗೇ ಇತ್ತು. ಬದಲಾದದ್ದು ಬೆರಳ ತುದಿಗೆ ಬಂದು ತಲುಪುವ ರಕ್ತದ ಮಿಡಿತ. ಅದು ಹೇಗೆ ಎಂದು ತಿಳಿಯಲು ಯಂತ್ರದ ಒಳಗೆ ಇಣುಕಬೇಕು.

ಸಂಜೆ ಕತ್ತಲಾದ ಮೇಲೆ ಆಕ್ಸಿಮೀಟರ್ ಆನ್ ಮಾಡಿ, ಬೆರಳಿಡದೆ ಅದರ ಬಾಯಿ ಅಗಲಿಸಿ ಹಿಡಿಯಿರಿ. ಒಂದು ದವಡೆಯಲ್ಲಿ ಕೆಂಪು ಬೆಳಕು ಕಾಣುತ್ತದೆ. ಕ್ಲಿಪ್ಪನ್ನು ಕಣ್ಣೆದುರು ಬೇಗ ಬೇಗ ಅತ್ತಿತ್ತ ಆಡಿಸಿದರೆ ಕೆಂಪು ಗೆರೆ ಒಂದೇ ಸಮನೆ ಇರದೆ ಚುಕ್ಕೆ ಚುಕ್ಕೆಯಾಗಿ ಒಡೆಯುತ್ತದೆ. ದೀಪ ಸೆಕೆಂಡಿಗೆ ನೂರಾರು ಸಲ ಹತ್ತಿ ಆರುತ್ತಿದೆ ಎಂದರ್ಥ. ಈಗ ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಲ್ಲಿ ಅದೇ ಜಾಗ ನೋಡಿ. ಬರಿಗಣ್ಣಿಗೆ ಕಾಣದಿದ್ದ ಇನ್ನೊಂದು ಮಂಕಾದ ನೇರಳೆ-ಬಿಳಿ ಹೊಳಪು ಕಾಣಬಹುದು. ಅದು ಅವಕೆಂಪು (ಇನ್‌ಫ್ರಾರೆಡ್) ಎಲ್‌ಇಡಿ. ಕೆಂಪು ಒಮ್ಮೆ, ಅವಕೆಂಪು ಒಮ್ಮೆ, ಆಮೇಲೆ ಎರಡೂ ಆಫ್. ಈ ಮೂರನೇ ಹೊತ್ತಿನಲ್ಲಿ ಯಂತ್ರ ಕೋಣೆಯ ಬೆಳಕನ್ನಷ್ಟೇ ಅಳೆದು, ಉಳಿದೆರಡರಿಂದ ಕಳೆಯುತ್ತದೆ. ಇಲ್ಲದಿದ್ದರೆ ಟ್ಯೂಬ್‌ಲೈಟ್‌ನ ಮಿನುಗೇ ನಾಡಿಯಾಗಿಬಿಡುತ್ತಿತ್ತು.

ಕೆಂಪು ಬೆಳಕಿನ ತರಂಗಾಂತರ 660 ನ್ಯಾನೋಮೀಟರ್, ಅವಕೆಂಪಿನದು ಸಾಮಾನ್ಯವಾಗಿ 940. 1240ನ್ನು ತರಂಗಾಂತರದಿಂದ ಭಾಗಿಸಿ ಬೆಳಕಿನ ಕಣದ ಶಕ್ತಿ ತಿಳಿಯುವ ಸೂತ್ರ ನಿಮಗೆ ಗೊತ್ತಿರುತ್ತದೆ. ಒಂದು 1.88 ಎಲೆಕ್ಟ್ರಾನ್ ವೋಲ್ಟ್, ಇನ್ನೊಂದು 1.32. ಕೆಂಪಿಗೆ ಗ್ಯಾಲಿಯಂ ಆರ್ಸೆನೈಡ್‌ಗೆ ಅಲ್ಯೂಮಿನಿಯಂ ಬೆರೆಸಿ ಎನರ್ಜಿ ಗ್ಯಾಪ್ (ಬೆಳಕಿನ ಬಣ್ಣ ನಿರ್ಧರಿಸುವ ಶಕ್ತಿಯ ಅಂತರ) ಹಿಗ್ಗಿಸುತ್ತಾರೆ. ಅವಕೆಂಪಿಗೆ ಗ್ಯಾಲಿಯಂ ಆರ್ಸೆನೈಡ್ ಒಂದೇ ಸಾಕು, ಸಿಲಿಕಾನ್ ಕಲಬೆರಕೆ ಕೊಟ್ಟು ಬೆಳಕನ್ನು ಇನ್ನಷ್ಟು ಉದ್ದದ ತರಂಗಕ್ಕೆ ಇಳಿಸುತ್ತಾರೆ. ಎದುರು ದವಡೆಯಲ್ಲಿರುವುದು ಬೆಳಕನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಫೋಟೊಡಯೋಡ್. ಸಿಲಿಕಾನ್‌ನ ಗ್ಯಾಪ್ 1.12, ಆದ್ದರಿಂದ ಸುಮಾರು 1100 ನ್ಯಾನೋಮೀಟರ್‌ವರೆಗಿನ ಬೆಳಕು ಅದಕ್ಕೆ ಕಾಣುತ್ತದೆ. ಎರಡೂ ದೀಪಗಳಿಗೆ ಒಂದೇ ಕಣ್ಣು ಸಾಲುವುದು ಇದರಿಂದ. ಅವಕೆಂಪು ಎಲ್‌ಇಡಿ ಬಂದದ್ದು 1961ರಲ್ಲಿ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹಾಲೋನ್ಯಾಕ್ ಮಾಡಿದ್ದು 1962ರಲ್ಲಿ. ಇವು ಬರುವ ಮೊದಲೂ ಕಿವಿಗೆ ಹಾಕುವ ಆಕ್ಸಿಮೀಟರ್‌ಗಳಿದ್ದವು. 1940ರ ದಶಕದ ಆರಂಭದಲ್ಲಿ ಗ್ಲೆನ್ ಮಿಲಿಕನ್ ಎತ್ತರದಲ್ಲಿ ಹಾರುವ ವಿಮಾನ ಚಾಲಕರಿಗಾಗಿ ಅಂಥದ್ದನ್ನು ಮಾಡಿದ್ದ. ಅದರಲ್ಲಿ ಬಲ್ಬು, ಬಣ್ಣದ ಫಿಲ್ಟರ್ ಎಲ್ಲ ಇದ್ದವು. ದೀಪವನ್ನು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಹತ್ತಿಸಿ ಆರಿಸುವ ಕೆಲಸ ಬಲ್ಬಿನಿಂದ ಆಗದು. ಜೇಬಿನಲ್ಲಿಡುವ ಯಂತ್ರ ಸಾಧ್ಯವಾದದ್ದು ಅರೆವಾಹಕದ ದೆಸೆಯಿಂದ.

ಇನ್ನು ರಕ್ತ. ಅದರಲ್ಲಿ ಆಮ್ಲಜನಕ ಹೊರುವುದು ಹೀಮೋಗ್ಲೋಬಿನ್. ಆಮ್ಲಜನಕ ಹಿಡಿದಾಗ ಅದು ಹೊಳೆಯುವ ಕೆಂಪು, ಬಿಟ್ಟಾಗ ಕಪ್ಪುಗೆಂಪು. 660ರ ಬೆಳಕನ್ನು ಆಮ್ಲಜನಕವಿಲ್ಲದ ಹೀಮೋಗ್ಲೋಬಿನ್ ಸುಮಾರು ಹತ್ತು ಪಟ್ಟು ಹೆಚ್ಚು ನುಂಗುತ್ತದೆ. 940ರಲ್ಲಿ ತಿರುಗುಮುರುಗು: ಆಮ್ಲಜನಕ ಇರುವುದೇ ಹೆಚ್ಚು ನುಂಗುತ್ತದೆ, ಆದರೆ ವ್ಯತ್ಯಾಸ ಎರಡು ಪಟ್ಟೂ ಇಲ್ಲ. 800ರ ಆಸುಪಾಸಿನಲ್ಲಿ ಎರಡೂ ಸಮ. ಇಷ್ಟರಿಂದಲೇ ಲೆಕ್ಕ ಹಾಕಬಹುದಿತ್ತು, ಬೆರಳಲ್ಲಿ ರಕ್ತ ಒಂದೇ ಇದ್ದಿದ್ದರೆ. ಆದರೆ ಉಗುರು, ಮೂಳೆ, ಕೊಬ್ಬು, ಚರ್ಮದ ಬಣ್ಣ, ಅಭಿಧಮನಿಯ (ಹೃದಯಕ್ಕೆ ಮರಳುವ ನಾಳದ) ರಕ್ತ ಎಲ್ಲವೂ ಬೆಳಕು ನುಂಗುತ್ತವೆ.

ಈ ಗಂಟು ಬಿಡಿಸಿದವನು ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ. ಅವನು ಹೊರಟದ್ದು ಆಮ್ಲಜನಕ ಅಳೆಯಲಿಕ್ಕಲ್ಲ. ರಕ್ತಕ್ಕೆ ಬಣ್ಣ ಸೇರಿಸಿ, ಅದು ತೆಳುವಾಗುವ ರೀತಿಯನ್ನು ಕಿವಿಯ ಮೇಲಿಂದ ಬೆಳಕಿನಲ್ಲಿ ನೋಡಿ, ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂದು ಕಂಡುಹಿಡಿಯುವುದು ಅವನ ಉದ್ದೇಶ. ಆದರೆ ಪ್ರತಿ ಮಿಡಿತಕ್ಕೂ ಗೆರೆ ಏರಿಳಿದು ಲೆಕ್ಕ ಕೆಡಿಸುತ್ತಿತ್ತು. ಆ ಕಾಟ ತಪ್ಪಿಸಲು ಅವಕೆಂಪು ಬೆಳಕಿನ ಏರಿಳಿತವನ್ನು ಕೆಂಪಿನಿಂದ ಕಳೆದ. ಆಮ್ಲಜನಕದ ಮಟ್ಟ ಬದಲಾದೊಡನೆ ಆ ಹೊಂದಾಣಿಕೆ ತಪ್ಪಿಹೋಗುತ್ತಿತ್ತು. ಇನ್ನೊಬ್ಬನಾಗಿದ್ದರೆ ಬೇಸತ್ತು ಬಿಡುತ್ತಿದ್ದ. ಅಓಯಾಗಿಗೆ ಹೊಳೆದದ್ದು ಬೇರೆ: ಮಿಡಿಯುವುದು ಅಪಧಮನಿಯ (ಹೃದಯದಿಂದ ಹೊರಡುವ ನಾಳದ) ರಕ್ತ ಮಾತ್ರ, ಹಾಗಾಗಿ ಮಿಡಿಯುವ ಭಾಗವನ್ನಷ್ಟೇ ತೆಗೆದುಕೊಂಡರೆ ಮೂಳೆ, ಚರ್ಮ, ಉಗುರು ಎಲ್ಲ ತಾವಾಗಿ ಲೆಕ್ಕದಿಂದ ಹೊರಗೆ. 1974ರಲ್ಲಿ ಅದನ್ನು ಪ್ರಕಟಿಸಿದ. ಇಡೀ ಲೋಕ ಅವನ ಯಂತ್ರಕ್ಕಾಗಿ ಮೆಡಿಕಲ್ ಸ್ಟೋರ್ ಮುಂದೆ ನಿಂತಿದ್ದ 2020ರ ಏಪ್ರಿಲ್‌ನಲ್ಲೇ ತೀರಿಕೊಂಡ. ಕಾಟ ಎಂದು ಕಳೆಯಲು ಹೊರಟದ್ದೇ ಬೇಕಾದ ಸುದ್ದಿಯನ್ನು ಹೊತ್ತಿತ್ತು. ಪ್ರಯೋಗ ಮಾಡುವವರು ಇಂಥದ್ದಕ್ಕೆ ಕಣ್ಣು ತೆರೆದಿಟ್ಟಿರಬೇಕು.

ಆ ಮಿಡಿಯುವ ಭಾಗ ಎಷ್ಟು ಸಣ್ಣದು ಗೊತ್ತೆ? ಡಯೋಡ್‌ಗೆ ಬೀಳುವ ಒಟ್ಟು ಬೆಳಕಿನಲ್ಲಿ ಸಾಮಾನ್ಯವಾಗಿ ಶೇ 1–2. ವಿಶ್ವೇಶ್ವರಯ್ಯ ನಾಲೆ ತುಂಬಿ ಹರಿಯುವಾಗ ನೀರಿನ ಮೇಲೆ ಎದ್ದ ಅಲೆಯ ಎತ್ತರ ನೋಡಿ ಲೆಕ್ಕ ಹಾಕಿದ ಹಾಗೆ, ಕೆಳಗಿನ ಆಳ ಈ ಯಂತ್ರಕ್ಕೆ ಬೇಕಾಗುವುದು ಅಲೆಯನ್ನು ಅದರಿಂದ ಭಾಗಿಸಲು ಮಾತ್ರ. ಚಳಿಯಲ್ಲಿ ದೇಹ ಒಳಗಿನ ಶಾಖ ಉಳಿಸಿಕೊಳ್ಳಲು ಬೆರಳ ತುದಿಯ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ವಯಸ್ಸಾದವರಲ್ಲಿ ಬೆರಳ ತುದಿಯ ರಕ್ತಸಂಚಾರ ಮೊದಲೇ ಮಂದವಿರಬಹುದು. ಆಗ ಶೇ 1 ಇದ್ದ ಮಿಡಿತ ಅದರ ಹತ್ತನೇ ಒಂದು ಪಾಲಿಗೂ ಇಳಿಯಬಹುದು. ಅಷ್ಟಾದರೆ ಕೈ ನಡುಗಿದ್ದು, ಕ್ಲಿಪ್ ಜಾರಿದ್ದು, ಸರ್ಕ್ಯೂಟಿನ ಗದ್ದಲ, ಎಲ್ಲವೂ ಮಿಡಿತಕ್ಕಿಂತ ದೊಡ್ಡದಾಗುತ್ತವೆ.

88 ಎಂಬ ಅಂಕಿಯ ಗುಟ್ಟು ಇಲ್ಲೇ ಇದೆ. ಯಂತ್ರ ಲೆಕ್ಕ ಹಾಕುವುದು ಒಂದು ಅನುಪಾತವನ್ನು. ಕೆಂಪಿನ ಮಿಡಿತವನ್ನು ಕೆಂಪಿನ ಒಟ್ಟು ಬೆಳಕಿನಿಂದ ಭಾಗಿಸಿ, ಅವಕೆಂಪಿಗೂ ಹಾಗೇ ಮಾಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದನ್ನು ಆರ್ ಎನ್ನುತ್ತಾರೆ. ಪಠ್ಯಗಳಲ್ಲಿ ಕೊಡುವ ಸರಳ ಸೂತ್ರ: 110ರಲ್ಲಿ ಆರ್‌ನ 25 ಪಟ್ಟು ಕಳೆಯಿರಿ. ಆರ್ 0.5 ಇದ್ದರೆ 97.5. ಆರ್ 1 ಆದರೆ 85. ಈಗ ಯೋಚಿಸಿ, ಮಿಡಿತವೇ ಇಲ್ಲದೆ ಬರೀ ಅಲುಗಾಟ ಇದ್ದರೆ? ಅಲುಗಾಟಕ್ಕೆ ಬಣ್ಣದ ಭೇದವಿಲ್ಲ, ಕೆಂಪನ್ನೂ ಅವಕೆಂಪನ್ನೂ ಸಮನಾಗಿ ಕುಲುಕುತ್ತದೆ. ಆರ್ 1ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಸಿಗ್ನಲ್ ಕೆಟ್ಟಷ್ಟೂ ಅಂಕಿ 85ರ ಕಡೆ ಜಾರುತ್ತದೆ. ತಣ್ಣಗಿನ ಬೆರಳಲ್ಲಿ 84, 86, 88 ಬಂದರೆ ನಾನು ಮೊದಲು ರೋಗಿಯನ್ನಲ್ಲ, ಸಿಗ್ನಲ್ಲನ್ನು ಅನುಮಾನಿಸುತ್ತೇನೆ. ಪೆನ್ಸಿಲ್ ತೋರಿಸಿದ ಅಂಕಿಯೂ ಇದೇ ಜಾತಿಯದು. ಹಿಡಿದ ಕೈಯ ನಡುಕವನ್ನು ಯಂತ್ರ ನಾಡಿ ಎಂದು ಓದಿತು. ಒಳ್ಳೆಯ ಯಂತ್ರಗಳು ಇಂಥ ಹೊತ್ತಿನಲ್ಲಿ ಅಂಕಿಯ ಬದಲು ಗೆರೆ ಎಳೆದು ಸುಮ್ಮನಾಗುತ್ತವೆ. ಅಗ್ಗದವು ಏನಾದರೊಂದು ಹೇಳದೆ ಬಿಡುವುದಿಲ್ಲ.

ಅದಕ್ಕೆ ಅಂಕಿಗಿಂತ ಮೊದಲು ಅಲೆ ನೋಡಿ. ಪರದೆಯ ಮೇಲೆ ಓಡುವ ಗೆರೆ ಒಂದೇ ತೆರನಾಗಿ, ಚೂಪಾಗಿ ಏರಿ ನಿಧಾನವಾಗಿ ಇಳಿಯುತ್ತಿರಬೇಕು. ಜೊತೆಗೆ ಅಜ್ಜಿಯ ಮುಂಗೈ ನಾಡಿ ಹಿಡಿದು ಗಡಿಯಾರ ನೋಡಿ ಎಣಿಸಿ. ನೀವು ಎಣಿಸಿದ್ದು 72, ಯಂತ್ರ 110 ಎನ್ನುತ್ತಿದೆಯೋ, ಪಕ್ಕದಲ್ಲಿರುವ ಆಮ್ಲಜನಕದ ಅಂಕಿಯನ್ನು ಓದುವ ಕೆಲಸವೇ ಇಲ್ಲ. ನಾಡಿಯನ್ನೇ ಹಿಡಿಯದ ಯಂತ್ರ ನಾಡಿಯಿಂದ ಲೆಕ್ಕ ಹಾಕಿದ್ದು ಎಲ್ಲಿಂದ ಸರಿಯಾದೀತು?

ಈಗ ಎಲ್‌ಇಡಿಯ ಪಾಲಿಗೆ ಬರೋಣ. ನಿಮ್ಮ ಅನುಮಾನ ಸುಳ್ಳಲ್ಲ. ತಣ್ಣಗಾದರೆ ಎನರ್ಜಿ ಗ್ಯಾಪ್ ಕೊಂಚ ಹಿಗ್ಗುತ್ತದೆ, ಬೆಳಕು ಗಿಡ್ಡ ತರಂಗದ ಕಡೆ ಸರಿಯುತ್ತದೆ, ಪ್ರಕಾಶವೂ ಸ್ವಲ್ಪ ಹೆಚ್ಚುತ್ತದೆ. ನಮ್ಮ ಕಡೆಯ ಚಳಿಗಾಲದ ಬೆಳಗಿಗೂ ಮಧ್ಯಾಹ್ನಕ್ಕೂ ಹತ್ತು ಹದಿಮೂರು ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಂಡರೆ ತರಂಗಾಂತರ ಸರಿಯುವುದು ಎರಡು ನ್ಯಾನೋಮೀಟರ್ ಆಸುಪಾಸು. ಪ್ರಕಾಶ ಹೆಚ್ಚಿದ್ದರಿಂದ ತೊಂದರೆಯೇ ಇಲ್ಲ, ಭಾಗಾಕಾರದಲ್ಲಿ ಅದು ಹೊರಟುಹೋಗುತ್ತದೆ. ತರಂಗಾಂತರ ಸರಿದದ್ದರಿಂದ ಮಾತ್ರ ತುಸು ತಪ್ಪು ಬರುತ್ತದೆ, ಏಕೆಂದರೆ 660ರ ಬಳಿ ಹೀಮೋಗ್ಲೋಬಿನ್‌ನ ಗೆರೆ ಕಡಿದಾಗಿ ಇಳಿಯುತ್ತಿರುತ್ತದೆ. ಹಾಗೆಂದು ಅದು 96ನ್ನು 88 ಮಾಡಲಾರದು. ಒಂದೇ ಕಾರ್ಖಾನೆಯ ಒಂದೇ ತಂಡದ ಎಲ್‌ಇಡಿಗಳ ನಡುವೆಯೇ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಆಸ್ಪತ್ರೆಯ ಕೆಲವು ಪ್ರೋಬ್‌ಗಳ (ತಂತಿಯಿರುವ ಕ್ಲಿಪ್‌ಗಳ) ಪ್ಲಗ್ಗಿನಲ್ಲಿ ಒಂದು ಪುಟ್ಟ ರೆಸಿಸ್ಟರ್ ಅಡಗಿರುತ್ತದೆ. "ನನ್ನ ಎಲ್‌ಇಡಿಯ ತರಂಗಾಂತರ ಇಷ್ಟು" ಎಂದು ಯಂತ್ರಕ್ಕೆ ಹೇಳುವುದಷ್ಟೇ ಅದರ ಕೆಲಸ.

ಇದನ್ನು ನಾನು ಹೇಳಿದೆ ಎಂದು ಒಪ್ಪಬೇಡಿ, ಪ್ರಯೋಗ ಮಾಡಿ. ರಾತ್ರಿ ಯಂತ್ರವನ್ನು ಜಗಲಿಯಲ್ಲಿಟ್ಟು ತಣ್ಣಗಾಗಿಸಿ, ಇನ್ನೊಂದು ದಿನ ಜೇಬಿನಲ್ಲಿಟ್ಟು ಬೆಚ್ಚಗಿಡಿ. ಬೆರಳನ್ನೂ ಹಾಗೇ ಒಮ್ಮೆ ಬಿಸಿನೀರಲ್ಲಿ, ಒಮ್ಮೆ ತಣ್ಣೀರಲ್ಲಿ ಅದ್ದಿ ಒರೆಸಿ. ತಣ್ಣನೆ ಯಂತ್ರ-ಬೆಚ್ಚನೆ ಬೆರಳು, ಬೆಚ್ಚನೆ ಯಂತ್ರ-ತಣ್ಣನೆ ಬೆರಳು, ಉಳಿದ ಎರಡು ಜೋಡಿ. ಅಂಕಿ ಯಾವುದರ ಬೆನ್ನು ಹತ್ತಿ ಹೋಗುತ್ತದೆ ಎಂದು ನಿಮಗೇ ಕಾಣುತ್ತದೆ. ಅಜ್ಜಿಯ ಮೇಲಲ್ಲ, ನಿಮ್ಮ ಮೇಲೂ ತಮ್ಮನ ಮೇಲೂ ಮಾಡಿ. ಯಂತ್ರವನ್ನು ಫ್ರಿಜ್‌ಗೆ ಹಾಕಬೇಡಿ, ಹೊರತೆಗೆದಾಗ ಡಯೋಡ್ ಮೇಲೆ ಹನಿಗಟ್ಟಿ ಇನ್ನೊಂದು ತಪ್ಪು ಸೇರಿಕೊಳ್ಳುತ್ತದೆ.

ಇನ್ನೂ ಒಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಆರ್‌ನಿಂದ ಶೇಕಡಾವಾರಿಗೆ ಹೋಗುವ ದಾರಿ ಭೌತಶಾಸ್ತ್ರದ ಸೂತ್ರದಿಂದ ಬಂದದ್ದಲ್ಲ. ವಸ್ತು ಎಷ್ಟು ಬೆಳಕು ನುಂಗುತ್ತದೆ ಎಂದು ಹೇಳುವ ಬಿಯರ್–ಲ್ಯಾಂಬರ್ಟ್ ನಿಯಮ ಬೆಳಕು ನೇರವಾಗಿ ಸಾಗುತ್ತದೆ ಎಂದು ನಂಬುತ್ತದೆ, ಮಾಂಸದೊಳಗೆ ಬೆಳಕು ಸಿಕ್ಕಸಿಕ್ಕಲ್ಲಿ ಚದುರುತ್ತದೆ. ಅದಕ್ಕಾಗಿ ತಯಾರಕರು ಆರೋಗ್ಯವಂತ ಸ್ವಯಂಸೇವಕರನ್ನು ಮಲಗಿಸಿ, ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವನ್ನು ಹಂತ ಹಂತವಾಗಿ ತಗ್ಗಿಸಿ, ಅಪಧಮನಿಯಿಂದ ರಕ್ತ ತೆಗೆದು ಲ್ಯಾಬ್ ಯಂತ್ರದಲ್ಲಿ ಅಳೆದು, ಅದೇ ಕ್ಷಣದ ಆರ್ ಜೊತೆ ಹೊಂದಿಸಿ ಕೋಷ್ಟಕ ಮಾಡುತ್ತಾರೆ. 70ಕ್ಕಿಂತ ಕೆಳಗೆ ಮನುಷ್ಯರನ್ನು ಇಳಿಸುವುದು ತರವಲ್ಲ, ಆದ್ದರಿಂದ ಅದರ ಕೆಳಗಿನ ಅಂಕಿಗಳೆಲ್ಲ ಅಂದಾಜು. ಒಳ್ಳೆಯ ಯಂತ್ರದಲ್ಲೂ ಎರಡು ಮೂರು ಅಂಕಿಯ ಹೆಚ್ಚುಕಡಿಮೆ ಸಹಜ. ಆ ಸ್ವಯಂಸೇವಕರು ಯಾರಾಗಿದ್ದರು ಎಂಬುದೂ ಮುಖ್ಯ. 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದಾಗ, ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ತಗ್ಗಿದ್ದರೂ ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸಿದ ಪ್ರಕರಣಗಳು ಬಿಳಿಯರಿಗಿಂತ ಕಪ್ಪುಜನರಲ್ಲಿ ಸುಮಾರು ಮೂರು ಪಟ್ಟು ಇದ್ದವು. ಚರ್ಮದ ಬಣ್ಣ ಲೆಕ್ಕದಿಂದ ತಾನಾಗಿ ಹೊರಗೆ ಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ ಎಂದಾಯಿತು. ಹೊಲದಲ್ಲಿ ಬಿಸಿಲುಂಡ ಮೈಬಣ್ಣದ ನಮ್ಮವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅಜ್ಜಿಯ ಬಗ್ಗೆ ಒಂದೆರಡು ಮಾತು. ನಾನು ವೈದ್ಯನಲ್ಲ, ಉಪಕರಣದವನು. ಕೈ ಬೆಚ್ಚಗಿದ್ದು, ಅಲೆ ಚೆನ್ನಾಗಿದ್ದು, ಐದು ನಿಮಿಷ ಕೂತ ಮೇಲೂ ಅಂಕಿ 94ಕ್ಕಿಂತ ಕೆಳಗೇ ನಿಂತರೆ ವೈದ್ಯರನ್ನು ಕೇಳಿ. 90ಕ್ಕಿಂತ ಕೆಳಗೆ ನಿಂತರೆ, ಅಥವಾ ಅಂಕಿ ಎಷ್ಟೇ ಇರಲಿ ಏದುಸಿರು ಬಂದರೆ, ಮಂಕಾದರೆ, ಯಂತ್ರ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. 90ರ ಗೆರೆ ಸುಮ್ಮನೆ ಎಳೆದದ್ದಲ್ಲ. ಹೀಮೋಗ್ಲೋಬಿನ್ ಆಮ್ಲಜನಕ ಹಿಡಿಯುವ ಗೆರೆ ಮೇಲ್ಗಡೆ ಸಮತಟ್ಟು, 90ರಿಂದ ಕೆಳಗೆ ಇಳಿಜಾರು. ಅಲ್ಲಿಂದಾಚೆ ರಕ್ತದಲ್ಲಿನ ಆಮ್ಲಜನಕದ ಒತ್ತಡ ಸ್ವಲ್ಪ ತಗ್ಗಿದರೂ ಶೇಕಡಾವಾರು ದಡದಡನೆ ಬೀಳುತ್ತದೆ. ಅಜ್ಜಿ ಆಯುಷ್ಯವೆಲ್ಲ ಸೌದೆ ಒಲೆ ಊದಿದವರಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಸೌದೆಯ ಹೊಗೆಗೂ ಹಳ್ಳಿ ಹೆಂಗಸರ ಬಿಡದ ಕೆಮ್ಮು-ಕಫಕ್ಕೂ ಇರುವ ನಂಟನ್ನು ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಜಿಲ್ಲೆಯ ಹಳ್ಳಿಗಳಲ್ಲೇ ಅಧ್ಯಯನ ಮಾಡಿದ್ದಾರೆ. ಅಂಥ ಶ್ವಾಸಕೋಶದವರಲ್ಲಿ ಕೆಲವರಿಗೆ ವೈದ್ಯರು 88ರಿಂದ 92ನ್ನೇ ಗುರಿಯಾಗಿ ಇಡುವುದುಂಟು. ಆ ಲೆಕ್ಕ ಅವರದು, ನಿಮ್ಮದೂ ನನ್ನದೂ ಅಲ್ಲ.

ಅಂಕಿ ಚೆನ್ನಾಗಿದ್ದರೂ ಮೋಸ ಹೋಗುವ ಎರಡು ಸಂದರ್ಭಗಳಿವೆ. ಒಂದು ರಕ್ತಹೀನತೆ. ಆಕ್ಸಿಮೀಟರ್ ಹೇಳುವುದು ಇರುವ ಹೀಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ತುಂಬಿದೆ ಎಂದು ಮಾತ್ರ, ಹೀಮೋಗ್ಲೋಬಿನ್ ಎಷ್ಟಿದೆ ಎಂದಲ್ಲ. ಒಂದು ಗ್ರಾಂ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹಿಡಿಯುತ್ತದೆ. ಹೀಮೋಗ್ಲೋಬಿನ್ 14 ಗ್ರಾಂ ಇದ್ದವರ ನೂರು ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ 19 ಮಿಲಿಲೀಟರ್, 7 ಇದ್ದವರಲ್ಲಿ ಅದರ ಅರ್ಧ. ಯಂತ್ರ ಇಬ್ಬರಿಗೂ 98 ಎನ್ನುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ, ಆದ್ದರಿಂದ ಇದು ಪುಸ್ತಕದ ಮಾತಲ್ಲ.

ಇನ್ನೊಂದು ಹೊಗೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹೀಮೋಗ್ಲೋಬಿನ್ 660ರ ಬೆಳಕಿನಲ್ಲಿ ಆಮ್ಲಜನಕ ಹಿಡಿದದ್ದರಂತೆಯೇ ಕಾಣುತ್ತದೆ. ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ತಾಯಿ ಮಗು ಮಂಪರಾದರೆ ಆಕ್ಸಿಮೀಟರ್ 98, 99 ತೋರಿಸುತ್ತಲೇ ಇರುತ್ತದೆ. ಯಂತ್ರದಲ್ಲಿ ಇರುವುದು ಎರಡೇ ಬಣ್ಣ, ಎರಡು ಬಣ್ಣದಿಂದ ಬಿಡಿಸಬಹುದಾದದ್ದು ಎರಡು ಬಗೆಯ ಹೀಮೋಗ್ಲೋಬಿನ್ ಮಾತ್ರ. ಮೂರನೆಯದು ಬಂದರೆ ಅದಕ್ಕೆ ಗುರುತು ಸಿಗುವುದಿಲ್ಲ. ಅಲ್ಲಿ ಮಾಡಬೇಕಾದ್ದು ಕಿಟಕಿ ಬಾಗಿಲು ತೆಗೆಯುವುದು, ಇಬ್ಬರನ್ನೂ ಹೊರಗೆ ಕರೆತಂದು ಆಸ್ಪತ್ರೆಗೆ ಸೇರಿಸುವುದು.

ಹಸುವಿನ ಕಿವಿಗೆ ಬಂದೆ. ತಮ್ಮನಿಗೆ ಬೈಯಬೇಡಿ, ಒಳ್ಳೆಯ ಪ್ರಯೋಗವೇ. ಅಂಕಿ ಕುಣಿಯಲು ಕಾರಣ ಹಲವು: ಕೂದಲು, ಕಪ್ಪು ಚರ್ಮ, ನೊಣ ಓಡಿಸಲು ಕಿವಿ ಬಡಿಯುವುದು, ಮೆಲುಕು ಹಾಕುವಾಗ ತಲೆಯೆಲ್ಲ ಅಲುಗುವುದು, ಬೆರಳಿಗೆಂದು ಮಾಡಿದ ಕ್ಲಿಪ್ ತೆಳ್ಳಗಿನ ಕಿವಿಯ ಮೇಲೆ ಸರಿಯಾಗಿ ಕೂರದೆ ಬೆಳಕು ಪಕ್ಕದಿಂದ ನುಸುಳುವುದು. ಪಶುವೈದ್ಯರು ಅರಿವಳಿಕೆ ಕೊಟ್ಟಾಗ ಪ್ರೋಬನ್ನು ಸಾಮಾನ್ಯವಾಗಿ ನಾಲಿಗೆಗೆ ಹಾಕುತ್ತಾರೆ. ಅಲ್ಲಿ ಕೂದಲಿಲ್ಲ, ರಕ್ತ ಧಾರಾಳ. ಎಚ್ಚರವಿರುವ ಹಸುವಿನ ನಾಲಿಗೆಗೆ ನೀವು ಹಾಕಲು ಹೋಗಬೇಡಿ, ಯಂತ್ರವೂ ಉಳಿಯುವುದಿಲ್ಲ, ಬೆರಳೂ ಉಳಿಯುವುದಿಲ್ಲ.

ನಿಮ್ಮದು ಹಳ್ಳಿಕಾರ್ ತಳಿಯೋ ಎಚ್‌ಎಫ್ (ವಿದೇಶಿ ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯೋ ಬರೆದಿಲ್ಲ. ಮಿಶ್ರತಳಿಯಾಗಿದ್ದು ಕಿವಿಯಲ್ಲಿ ಬಿಳಿ ಮಚ್ಚೆಯಿದ್ದರೆ ಅಲ್ಲಿ ಕೂದಲು ಕತ್ತರಿಸಿ ನೋಡಬಹುದು. ಹಳ್ಳಿಕಾರ್‌ಗೆ ಬೂದು ಮೈಯಡಿ ಕಪ್ಪು ಚರ್ಮ, ಕಷ್ಟ. ನಮ್ಮ ಕಡೆ ಇದಕ್ಕೆ ಒಪ್ಪುವ ಪ್ರಾಣಿ ಎಂದರೆ ಬಂಡೂರು ಕುರಿ, ಅದರ ಚರ್ಮದ ಬಣ್ಣ ತಿಳಿ. ಹಸುವಾಗಲಿ ಕುರಿಯಾಗಲಿ, ಮೊದಲು ನಾಡಿಯ ಪರೀಕ್ಷೆ ಮಾಡಿ. ಹಸುವಿನ ಪಕ್ಕಕ್ಕೆ ನಿಂತು ಬಾಲವನ್ನು ಮೆಲ್ಲಗೆ ಎತ್ತಿ, ಬುಡದಿಂದ ಒಂದು ಗೇಣು ಕೆಳಗೆ, ಅಡಿಭಾಗದ ನಡುಗೆರೆಯಲ್ಲಿ ಎರಡು ಬೆರಳಿಟ್ಟು ಹಗುರಾಗಿ ಒತ್ತಿದರೆ ಬಾಲದ ಅಪಧಮನಿ ಸಿಗುತ್ತದೆ. ಗಟ್ಟಿಯಾಗಿ ಒತ್ತಿದರೆ ಮಿಡಿತ ಮಾಯ. ಬೆಳೆದ ಹಸುವಿಗೆ ನಿಮಿಷಕ್ಕೆ 48ರಿಂದ 84, ಕರುವಿಗೆ ಇನ್ನೂ ಜಾಸ್ತಿ. ಕಿವಿಯ ಯಂತ್ರ ಈ ಎಣಿಕೆಗೆ ಹೊಂದಿದರೆ ಮಾತ್ರ ಮುಂದಿನ ಮಾತು.

ಹೊಂದಿತು ಎಂದೇ ಇಟ್ಟುಕೊಳ್ಳಿ. ಬಂದ ಶೇಕಡಾವಾರು ಹಸುವಿನದೇ? ಯಂತ್ರದೊಳಗಿನ ಕೋಷ್ಟಕ ಮನುಷ್ಯರ ರಕ್ತದಿಂದ ಮಾಡಿದ್ದು. ಅದೃಷ್ಟಕ್ಕೆ ಸಸ್ತನಿಗಳ ಹೀಮೋಗ್ಲೋಬಿನ್ ಬೆಳಕು ನುಂಗುವ ರೀತಿ ಬಹುಮಟ್ಟಿಗೆ ಒಂದೇ, ಅದರಿಂದಲೇ ಪಶುವೈದ್ಯರ ಕೆಲಸ ಸಾಗುತ್ತದೆ. ಆದರೆ ಬೆಳಕು ನುಂಗುವ ಬಗೆ ಒಂದೇ ಎಂದ ಮಾತ್ರಕ್ಕೆ ಆಮ್ಲಜನಕ ಹಿಡಿಯುವ ಬಗೆಯೂ ಒಂದೇ ಅಲ್ಲ. ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬಿಡುವಿದ್ದಾಗ ಹೋಗಿ ಬನ್ನಿ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಗದ್ದೆಗಳಲ್ಲಿ ಮೇಯುತ್ತಿರುತ್ತವೆ. ಅವುಗಳ ಹೀಮೋಗ್ಲೋಬಿನ್‌ನ ಆಲ್ಫಾ ಸರಪಳಿಯ 119ನೇ ಜಾಗದಲ್ಲಿ ತಗ್ಗಿನ ನಾಡಿನ ಹೆಬ್ಬಾತುಗಳಲ್ಲಿರುವ ಪ್ರೋಲಿನ್ ಎಂಬ ಅಮೈನೊ ಆಮ್ಲದ ಬದಲು ಅಲನಿನ್ ಇದೆ. ಅಷ್ಟು ಸಣ್ಣ ಬದಲಾವಣೆ ಆಮ್ಲಜನಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಲು ನೆರವಾಗುತ್ತದೆ. ತೆಳುವಾದ ಗಾಳಿಯಲ್ಲಿ ಮನುಷ್ಯನ ಹೀಮೋಗ್ಲೋಬಿನ್ ಸರಿಯಾಗಿ ತುಂಬದ ಎತ್ತರದಲ್ಲೂ ಅವುಗಳದು ಹೆಚ್ಚು ತುಂಬಿಕೊಳ್ಳುತ್ತದೆ. ಆಮ್ಲಜನಕದ ಒಂದೇ ಒತ್ತಡಕ್ಕೆ ಒಂದೊಂದು ಪ್ರಾಣಿಯಲ್ಲಿ ಒಂದೊಂದು ಶೇಕಡಾವಾರು, ಹಾಗಾಗಿ ಮನುಷ್ಯರ 90ರ ಗೆರೆಯನ್ನು ಕೊಟ್ಟಿಗೆಗೆ ಹಾಗೇ ಒಯ್ಯುವಂತಿಲ್ಲ.

ಜಾಗ ಉಂಟೆ ಎಂದು ಕೇಳಿದ್ದೀರಿ. ಈ ಎರಡು ಶಾಸ್ತ್ರಗಳ ನಂಟು ಹಳೆಯದು. ಇಟಲಿಯ ವಿಜ್ಞಾನಿ ಗ್ಯಾಲ್ವನಿಯ, ವಿದ್ಯುತ್ ತಾಗಿದರೆ ಸೆಟೆಯುವ ಕಪ್ಪೆಕಾಲೇ ಒಂದು ಕಾಲಕ್ಕೆ ಅತಿ ಸೂಕ್ಷ್ಮ ವಿದ್ಯುತ್ ಮಾಪಕವಾಗಿತ್ತು. ನಮ್ಮವರೇ ಆದ ಜಗದೀಶಚಂದ್ರ ಬೋಸರು ರೇಡಿಯೊ ಅಲೆ ಹಿಡಿಯುವ ಗೆಲೀನಾ ಹರಳಿನ ಡಿಟೆಕ್ಟರ್‌ಗೆ 1901ರಲ್ಲಿ ಅರ್ಜಿ ಹಾಕಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅರೆವಾಹಕ ಸಾಧನಕ್ಕೆ ಸಿಕ್ಕ ಮೊದಲ ಪೇಟೆಂಟುಗಳಲ್ಲಿ ಅದೊಂದು. ಅದೇ ಹೊತ್ತಿಗೆ ತಮ್ಮ ರೇಡಿಯೊ ಗ್ರಾಹಕಗಳು ಸತತವಾಗಿ ಬಳಸಿದರೆ ದಣಿದು, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದನ್ನು ಅವರು ಕಂಡರು. ಆ ಗೆರೆ ದಣಿದ ಸ್ನಾಯುವಿನ ಗೆರೆಯಂತೆಯೇ ಇತ್ತು. 1901ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅದನ್ನು ತೋರಿಸಿ, ಮುಂದೆ ಬದುಕಿಡೀ ಸಸ್ಯಗಳ ಶರೀರಶಾಸ್ತ್ರದಲ್ಲಿ ತೊಡಗಿಕೊಂಡರು. ಲೋಹಕ್ಕೂ ಜೀವಕ್ಕೂ ಗಡಿಯೇ ಇಲ್ಲ ಎಂಬತ್ತ ಅವರ ಮಾತು ಹೋದದ್ದು ಅತಿಯಾಯಿತು ಎಂದೇ ನನ್ನ ಎಣಿಕೆ. ಎರಡು ಗೆರೆ ಒಂದೇ ಥರ ಕಂಡರೆ ಕಾರಣವೂ ಒಂದೇ ಆಗಬೇಕಿಲ್ಲ. ಆದರೆ ಮನುಷ್ಯನ ಕೈ ತಾಗದೆ ತಾನೇ ಬರೆದುಕೊಳ್ಳುವ ಉಪಕರಣ ಮಾಡುವುದರಲ್ಲಿ ಅವರ ಶಿಸ್ತು ಇಂದಿಗೂ ಪಾಠ.

ಇಂದು ದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ವಿಭಾಗವೂ ಇದೆ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಮಾತು ಬಾರದ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಶ್ರವಣತಜ್ಞರು ಕಿವಿಯಲ್ಲಿ ಟಕ್ ಟಕ್ ಸದ್ದು ಮಾಡಿ, ತಲೆಯ ಮೇಲಿನ ಎಲೆಕ್ಟ್ರೋಡ್‌ಗಳಿಂದ ಮಿದುಳುಕಾಂಡದ ಉತ್ತರ ಹಿಡಿಯುತ್ತಾರೆ. ಆ ಉತ್ತರ ಒಂದು ಮೈಕ್ರೋವೋಲ್ಟ್‌ಗೂ ಕಡಿಮೆ. ಸಾವಿರ, ಎರಡು ಸಾವಿರ ಸದ್ದುಗಳ ಉತ್ತರವನ್ನು ಸಾಲಾಗಿ ಕೂಡಿಸಿ ಸರಾಸರಿ ತೆಗೆದಾಗ ಗದ್ದಲ ಅಡಗಿ ಅಲೆ ಮೇಲೇಳುತ್ತದೆ. ಆಕ್ಸಿಮೀಟರ್‌ನಲ್ಲಿ ನೀವು ಎದುರಿಸುತ್ತಿರುವುದೂ ಇದೇ ತೊಡಕು. ಎಂ.ಎಸ್ಸಿ. ಭೌತಶಾಸ್ತ್ರದಲ್ಲೇ ಮಾಡಿ, ಎಲೆಕ್ಟ್ರಾನಿಕ್ಸ್ ಚೆನ್ನಾಗಿ ಕಲಿಯಿರಿ, ಜೊತೆಗೆ ಶರೀರಶಾಸ್ತ್ರದ ಒಂದು ದಪ್ಪ ಪುಸ್ತಕವನ್ನು ಆದಿಯಿಂದ ಅಂತ್ಯದವರೆಗೆ ಓದಿ. ಭೌತಶಾಸ್ತ್ರದವರು ಸೋಲುವುದು ಗಣಿತದಲ್ಲಲ್ಲ. ನಾಳ ಬಿಗಿಯುತ್ತದೆ, ಪ್ರಾಣಿ ಹೆದರುತ್ತದೆ, ಊಟದ ಮೇಲೆ ನಾಡಿ ಬದಲಾಗುತ್ತದೆ ಎಂಬುದನ್ನು ಮರೆತು ಸೋಲುತ್ತಾರೆ.

ಪ್ರಾಜೆಕ್ಟ್‌ಗೆ ಮನೆಯ ಯಂತ್ರ ಬಿಚ್ಚಬೇಡಿ. ಮ್ಯಾಕ್ಸ್ 30102 ಎಂಬ ಸಂವೇದಕದ ಪುಟ್ಟ ಬೋರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಆರ್ಡುಯಿನೊ ಎಂಬ ನಿಯಂತ್ರಕ ಬೋರ್ಡ್‌ಗೆ ಜೋಡಿಸಿದರೆ ಎರಡೂ ಬಣ್ಣದ ಕಚ್ಚಾ ಸಿಗ್ನಲ್ ಕಂಪ್ಯೂಟರಿಗೆ ಬರುತ್ತದೆ. ಗಮನಿಸಿ, ಅದರ ಅವಕೆಂಪು 940 ಅಲ್ಲ, 880. ಬೆಳಕು ಬೆರಳನ್ನು ದಾಟಿ ಹೋಗುವುದಿಲ್ಲ, ಒಳಗೆ ಚದುರಿ ಅದೇ ಬದಿಗೆ ಮರಳುತ್ತದೆ. ಕೈ ತಲೆಯ ಮೇಲೆತ್ತಿದಾಗ, ತೂಗುಬಿಟ್ಟಾಗ, ತಣ್ಣೀರಲ್ಲಿ ಅದ್ದಿ ತೆಗೆದಾಗ ಮಿಡಿತದ ಪಾಲು ಎಷ್ಟಾಗುತ್ತದೆ ಎಂದು ಅಳೆಯಿರಿ. ಬೇರೆ ಮೇಜಿನ ಮೇಲೆ ಒಂದು ಕೆಂಪು ಎಲ್‌ಇಡಿಗೆ ಒಂದೇ ಸಮನಾದ ವಿದ್ಯುತ್ ಹರಿಸಿ, ತಾಪಮಾನದ ಜೊತೆ ಅದರ ವೋಲ್ಟೇಜ್ ಹೇಗೆ ಬದಲಾಗುತ್ತದೆ ನೋಡಿ. ಡಿಗ್ರಿಗೆ ಸುಮಾರು ಎರಡು ಮಿಲಿವೋಲ್ಟ್ ಇಳಿಯಬೇಕು. ಎರಡನ್ನೂ ಒಂದೇ ವರದಿಯಲ್ಲಿ ಇಟ್ಟರೆ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕೊಟ್ಟ ಹಾಗೆ. ಉಸಿರು ಕಟ್ಟಿ, ಚೀಲದಲ್ಲಿ ಉಸಿರಾಡಿ ಆಮ್ಲಜನಕ ತಗ್ಗಿಸುವ ಸಾಹಸ ಬೇಡವೇ ಬೇಡ. ಹಸು ಕುರಿಗಳನ್ನು ಕಾಲೇಜಿನ ಸಂಶೋಧನೆಗೆ ಸೇರಿಸುವುದಾದರೆ, ಬರೀ ಕ್ಲಿಪ್ ಹಾಕುವುದೇ ಆದರೂ, ಮೊದಲು ಪ್ರಾಣಿ ನೀತಿ ಸಮಿತಿ ಇರುವ ಸಂಸ್ಥೆಯವರನ್ನು ಕೇಳಿ, ಪಶುವೈದ್ಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ವರದಿಯಲ್ಲಿ ಶೇಕಡಾವಾರು ಆಮ್ಲಜನಕ ಎಂದು ಎಲ್ಲೂ ಬರೆಯಬೇಡಿ. ಆ ಕೋಷ್ಟಕ ನಿಮ್ಮ ಬಳಿ ಇಲ್ಲ. ನೀವು ಅಳೆದದ್ದು ಆರ್, ಅದನ್ನೇ ಬರೆಯಿರಿ. ಪಕ್ಕದ ಕಲಮಿನಲ್ಲಿ ಬೆರಳಿನ ತಾಪಮಾನ ಇರಲಿ.